ಕೂಡು ಕುಟುಂಬದಲ್ಲಿ ಹಾಸಿಗೆ ಬದಲಿಸಿದ್ದು ಯಾರು, ಮೇಷ್ಟ್ರೇ?

ದಾವಣಗೆರೆ ವಿದ್ಯಾನಗರದ ನಿವೃತ್ತ ಮೇಷ್ಟ್ರೊಬ್ಬರು ಉದ್ದನೆಯ ಪತ್ರ ಬರೆದಿದ್ದಾರೆ. ಸಾರ ಇಷ್ಟು: ಹಿಂದೆ ಕೂಡು ಕುಟುಂಬದಲ್ಲಿ ಮುದುಕರು, ಕಾಯಿಲೆಯವರು ಯಾರಿಗೂ ಭಾರವಾಗಿರಲಿಲ್ಲ. ಈಗ ಮಗ ಬೆಂಗಳೂರು, ಸೊಸೆ ಕೆಲಸಕ್ಕೆ, ಅಪ್ಪ ಅಮ್ಮ ವೃದ್ಧಾಶ್ರಮಕ್ಕೆ. 'ಸಂಸ್ಕಾರ ಹೋಯಿತು, ನೀವಾದರೂ ಬರೆಯಿರಿ' ಎಂದು ಕೇಳಿದ್ದಾರೆ.

ಬರೆಯುತ್ತೇನೆ ಮೇಷ್ಟ್ರೇ, ಆದರೆ ನಿಮಗೆ ಹಿಡಿಸುತ್ತದೋ ಇಲ್ಲವೋ.

ಒಂಟಿತನದ ಮಾತು ನಿಜ. ಆಸ್ತಿ ಬರೆಸಿಕೊಂಡು ಕೈಬಿಡುವ ಮಕ್ಕಳೂ ಇದ್ದಾರೆ. ಅದಕ್ಕೇ 2007ರಲ್ಲಿ ಹಿರಿಯ ನಾಗರಿಕರ ಕಾಯ್ದೆ ಬಂತು. ನೋಡಿಕೊಳ್ಳುವ ಷರತ್ತು ಹಾಕಿ ಕೊಟ್ಟ ದಾನಪತ್ರವನ್ನು ಮಕ್ಕಳು ಮಾತು ತಪ್ಪಿದರೆ ರದ್ದು ಮಾಡಿಸಬಹುದು. ಇಷ್ಟು ಒಪ್ಪಿದೆ.

ಈಗ ನಮ್ಮ ಮನೆಯದೇ ಕೇಳಿ. ನಮ್ಮಜ್ಜಿಗೆ ಲಕ್ವ ಹೊಡೆದು ವರ್ಷಗಟ್ಟಲೆ ನಡುಮನೆಯಲ್ಲಿ ಮಲಗಿದ್ದರು. ಬಂದವರೆಲ್ಲ 'ಎಂಥ ಮನೆತನ, ಹೆತ್ತವ್ವನನ್ನು ಹೂವಿನ ಹಾಗೆ ನೋಡ್ಕೊಂಡಿದಾರೆ' ಅನ್ನುತ್ತಿದ್ದರು. ನೋಡಿಕೊಂಡಿದ್ದು ಮನೆತನ ಅಲ್ಲ, ನಮ್ಮತ್ತೆ. ಗಂಡ ತೀರಿಕೊಂಡು ತವರಿಗೆ ಬಂದಿದ್ದವರು. ಮಗ್ಗುಲು ಬದಲಿಸುವುದು, ಬೆನ್ನಿನ ಹುಣ್ಣು ತೊಳೆಯುವುದು, ಚಮಚದಲ್ಲಿ ಗಂಜಿ ಕುಡಿಸುವುದು ಎಲ್ಲ ಅವರೇ. ದೊಡ್ಡಪ್ಪಂದಿರು ಸಂಜೆ ಅಂಗಡಿಯಿಂದ ಬಂದು ಬಾಗಿಲಲ್ಲೇ ನಿಂತು 'ಊಟ ಆಯ್ತೇನವ್ವ' ಅಂತ ಕೇಳಿ ಕೈಕಾಲು ತೊಳೆಯಲು ಹೋಗುತ್ತಿದ್ದರು. ಅತ್ತೆಯನ್ನು 'ನಿನಗೆ ಇದು ಆಗುತ್ತಾ' ಅಂತ ಯಾರೂ ಕೇಳಲಿಲ್ಲ, ಯಾಕೆಂದರೆ ಅವರಿಗೆ ಬೇರೆ ದಿಕ್ಕಿರಲಿಲ್ಲ. ಅವರೇ ಹಾಸಿಗೆ ಹಿಡಿದಾಗ ತಿಂಗಳಿಗೊಬ್ಬರ ಮನೆ ಅಂತ ಸರದಿ ಹಾಕಿದರು. ಇದನ್ನು ಸಂಸ್ಕಾರ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಗಿಲ್ಲಿಗನ್ 1982ರಲ್ಲೇ ಈ ಚರ್ಚೆ ಶುರು ಮಾಡಿದರು. ನೀತಿ ಅಂದರೆ ಬರೀ ಹಕ್ಕು, ನಿಯಮ ಅಂತ ಗಂಡಸರ ಅಳತೆಗೋಲು ಹಿಡಿದು ಕೂತವರಿಗೆ, ಸಂಬಂಧ ಮತ್ತು ಹೊಣೆಯಿಂದ ಯೋಚಿಸುವವರ ದನಿ ಕೇಳಿಸುತ್ತಿಲ್ಲ ಎಂದರು. ಅಲ್ಲಿನವರೇ ಆದ ರಾಜಕೀಯ ಚಿಂತಕಿ ಜೋನ್ ಟ್ರಾಂಟೊ ಇನ್ನೂ ಖಾರ. 'ನಾನು ಹೊರಗೆ ದುಡಿಯುತ್ತೇನೆ' ಅನ್ನುವುದೇ ಗಂಡಸರಿಗೆ ಆರೈಕೆಯಿಂದ ಸಿಗುವ ರಜಾಚೀಟಿ ಅನ್ನುವುದು ಅವರ ವಾದದ ತಿರುಳು. ರಜಾಚೀಟಿಗೆ ಸಹಿ ಹಾಕಿ ಹಾಕಿ ಕೈ ಪಳಗಿದ ನಿಮಗೆ ಇದು ಬೇಗ ಅರ್ಥವಾಗಬೇಕು, ಅಲ್ವಾ? ಲೆಕ್ಕ ಬೇಕಿದ್ದರೆ ಕೇಂದ್ರದ 2019ರ ಸಮಯ ಬಳಕೆ ಸಮೀಕ್ಷೆ ನೋಡಿ. ಮನೆಗೆಲಸ ಮಾಡುವವರ ಪೈಕಿ ಹೆಂಗಸರು ದಿನಕ್ಕೆ 299 ನಿಮಿಷ, ಗಂಡಸರು 97 ನಿಮಿಷ. ಮನೆಯವರ ಆರೈಕೆಗೆ 134 ಮತ್ತು 76. ಇದರಲ್ಲಿ ಒಂದು ಪೈಸೆಯ ಸಂಬಳವೂ ಇಲ್ಲ.

ಸೊಸೆ ಕೆಲಸಕ್ಕೆ ಹೋದರೆ ಆ ಜಾಗಕ್ಕೆ ಯಾರು ಬರುತ್ತಾರೆ ಅನ್ನುವುದು ನಿಮ್ಮ ಪತ್ರದಲ್ಲೇ ಇಲ್ಲ. ನನಗೆ ಗೊತ್ತಿರುವ ಒಬ್ಬ ಹೆಣ್ಣುಮಗಳು ಮಂಡಕ್ಕಿ ಭಟ್ಟಿಗಳ ಕಡೆಯಿಂದ ನಿಮ್ಮಂಥ ಬಡಾವಣೆಗೆ ದಿನಾ ಬರುತ್ತಾಳೆ, ಒಬ್ಬ ಅಜ್ಜನನ್ನು ನೋಡಿಕೊಳ್ಳಲು. ಅವಳ ಅತ್ತೆಗೆ ದಮ್ಮು. ಅತ್ತೆಯನ್ನು ನೋಡಿಕೊಳ್ಳುವುದು ಶಾಲೆ ತಪ್ಪಿಸುವ ಮಗಳು. ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್ ದೇಶದಿಂದ ದೇಶಕ್ಕೆ ಹಬ್ಬಿದ ಆರೈಕೆಯ ಸರಪಳಿ ಬಗ್ಗೆ ಬರೆದರು. ನಮ್ಮಲ್ಲಿ ಅದು ಒಂದೇ ಊರೊಳಗೆ ಮುಗಿಯುತ್ತದೆ, ಕೊನೆಯ ಕೊಂಡಿ ಆ ಹುಡುಗಿ. ಆರೈಕೆ ಮಾಡುವವಳನ್ನೂ ಹಿಡಿದು ನಿಲ್ಲಿಸಲು ಯಾರಾದರೂ ಬೇಕು ಅಂತ ತತ್ವಜ್ಞಾನಿ ಈವಾ ಕಿಟ್ಟೆ ವಾದಿಸುತ್ತಾರೆ. ಜೀವನಪೂರ್ತಿ ಇನ್ನೊಬ್ಬರ ನೆರವು ಬೇಕಾದ ಮಗಳನ್ನು ಸಾಕಿದ ತಾಯಿ ಅವರು, ಸುಮ್ನೆ ಪುಸ್ತಕ ಓದಿ ಹೇಳಿದ್ದಲ್ಲ.

ಸರ್ಕಾರವೂ ನಮ್ಮ ದೊಡ್ಡಪ್ಪಂದಿರ ಥರವೇ, ಬಾಗಿಲಲ್ಲಿ ನಿಂತು ವಿಚಾರಿಸುತ್ತದೆ. 2005ರಲ್ಲಿ ಆಶಾ ಕಾರ್ಯಕರ್ತೆಯರು ಬಂದರು, ಹಗಲು ರಾತ್ರಿ ಎನ್ನದೆ ಬಾಣಂತಿ, ಮಗು ಅಂತ ಓಡುವವರಿಗೆ ಸಿಗುವುದು ಸಂಬಳ ಅಲ್ಲ, ಗೌರವಧನ ಮತ್ತು ಪ್ರೋತ್ಸಾಹಧನ. ಅಂಗನವಾಡಿ ಯೋಜನೆ 1975ರದು, ಆ ಕಾರ್ಯಕರ್ತೆಯರಿಗೆ ಗ್ರಾಚ್ಯುಟಿ ಸಲ್ಲಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ವೃದ್ಧಾಪ್ಯ ವೇತನಕ್ಕೆ ರಾಜ್ಯ ಒಂದಿಷ್ಟು ಸೇರಿಸುತ್ತದೆ ನಿಜ, ಆದರೆ 80 ವರ್ಷದೊಳಗಿನವರಿಗೆ ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ. ಬೆಣ್ಣೆ ದೋಸೆಗೇ ಸರಿಹೋಗುತ್ತದೆ ಬಿಡಿ.

ಊರಲ್ಲಿ ಎರಡು ಮೆಡಿಕಲ್ ಕಾಲೇಜು ಇವೆ ಅಂತ ಹೆಮ್ಮೆಪಡುತ್ತೇವೆ. ಜಗಳೂರು, ಚನ್ನಗಿರಿ, ಹರಪನಹಳ್ಳಿಯಿಂದ ಬಂದ ಪೇಷಂಟ್ ಮಂಚದ ಮೇಲೆ, ಕೂಲಿ ಬಿಟ್ಟು ಬಂದ ಹೆಂಗಸು ಮಂಚದ ಕೆಳಗೆ. 2016ರಲ್ಲಿ ಮೊದಲ 20 ಸ್ಮಾರ್ಟ್ ಸಿಟಿಗಳಲ್ಲಿ ನಮ್ಮೂರೂ ಇತ್ತು. ಹಿರಿಯರನ್ನು ಹಗಲು ಹೊತ್ತು ಬಿಟ್ಟು ಹೋಗಲು ವಾರ್ಡಿಗೊಂದು ಜಾಗ, ಅಲ್ಲಿ ಸಂಬಳದ ಮೇಲೆ ನಾಲ್ಕು ಜನ, ಇಷ್ಟು ಮಾಡಿಕೊಡಿ ಅಂತ ಓಟು ಕೇಳಲು ಬಂದ ಹುಡುಗರಿಗೆ ಹೇಳಿದ್ದೆ. 'ಪಾರ್ಕಿಗೆ ಓಪನ್ ಜಿಮ್ ಹಾಕಿಸ್ತೀವಿ ಸರ್' ಅಂದರು.