ಬಸ್ಸಿನಲ್ಲಿ ಉಳಿದದ್ದು ಬರೀ ‘ಗೆ’

ಈ ಸಲ ಬಂದ ಪತ್ರಗಳಲ್ಲಿ ಜಾಸ್ತಿ ಹಳೆಯ ರೋಮಿನವರ ಭಾಷೆ ಲ್ಯಾಟಿನ್ ಬಗ್ಗೆಯೇ ಇದ್ದವು. ಡಿಸೆಂಬರ್ ಅಂದರೆ ಹತ್ತನೆಯ ತಿಂಗಳು, ರೋಮಿನವರ ಹಳೆಯ ವರ್ಷ ಮಾರ್ಚಿಗೆ ಶುರುವಾಗುತ್ತಿತ್ತು ಅಂತ ಹೋದ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿಯೇ ಕೇಳಿದ್ದೀರಿ ಅನ್ನಿಸುತ್ತದೆ. ಮೂವತ್ತು ವರ್ಷ ರಾಯಚೂರು ಜಿಲ್ಲೆಯ ಹೈಸ್ಕೂಲುಗಳಲ್ಲಿ ಇಂಗ್ಲಿಷ್ ಕಲಿಸಿದವನಿಗೆ ಇಂಥ ಪ್ರಶ್ನೆಗಳೆಂದರೆ ಹಬ್ಬ.

ಪ್ರಶ್ನೆ: ರೋಮಿನ ಸೈನಿಕರಿಗೆ ಸಂಬಳದ ಬದಲು ಉಪ್ಪು ಕೊಡುತ್ತಿದ್ದರು, ಅದಕ್ಕೇ ‘ಸ್ಯಾಲರಿ’ ಎಂಬ ಹೆಸರು ಬಂತು ಅಂತಾರೆ. ನಿಜಾನಾ ಸರ್?
– ಬಿ.ಎ. ವಿದ್ಯಾರ್ಥಿನಿ, ಸಿಂಧನೂರು

ಅರ್ಧ ನಿಜ. ಲ್ಯಾಟಿನ್ನಿನಲ್ಲಿ ‘ಸಾಲ್’ ಅಂದರೆ ಉಪ್ಪು. ‘ಸಲಾರಿಯಂ’ ಅಂದರೆ ಸಂಬಳ ಅಥವಾ ಭತ್ಯೆ. ಎರಡನೆಯದು ಮೊದಲನೆಯದರಿಂದ ಹುಟ್ಟಿದೆ. ರೋಮಿನ ಲೇಖಕ ಪ್ಲಿನಿ ಈ ನಂಟನ್ನು ಬರೆದಿಟ್ಟಿದ್ದಾನೆ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ತೀರಿಕೊಂಡನಲ್ಲ, ಅವನೇ. ಆದರೆ ಸೈನಿಕರಿಗೆ ಉಪ್ಪನ್ನೇ ಅಳೆದು ಕೊಟ್ಟರು ಅಂತ ಅವನೂ ಹೇಳಿಲ್ಲ. ಅವರ ಕೈಗೆ ಬೀಳುತ್ತಿದ್ದುದು ನಾಣ್ಯ. ಉಪ್ಪು ಕೊಳ್ಳಲು ಕೊಟ್ಟ ದುಡ್ಡು ಅನ್ನೋದು ಆಮೇಲಿನವರ ಊಹೆ. ‘ಉಪ್ಪಿನ ಋಣ’ ಅಂತ ದಿನಾ ಮಾತಾಡುವ ನಮಗೆ ಆ ಕಥೆ ಬೇಗ ಹಿಡಿಸುತ್ತದೆ, ಅಷ್ಟೆ.

ಸ್ಯಾಲರಿ ಬಿಡಿ, ನಮ್ಮ ಕಡೆಯ ‘ಪಗಾರ’ ನೋಡಿ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದರು. ಅವರ ಭಾಷೆಯಲ್ಲಿ ‘ಪಗಾರ್’ ಅಂದರೆ ಹಣ ಸಲ್ಲಿಸು. ಆ ಪದ ಗೋವಾ, ಮಹಾರಾಷ್ಟ್ರ ದಾಟಿ ನಮ್ಮ ಬಾಯಿಗೂ ಬಂತು. ಅದರ ಬೇರು ಲ್ಯಾಟಿನ್ನಿನ ‘ಪಕಾರೆ’. ಅಂದರೆ ಸಮಾಧಾನ ಮಾಡು. ಶಾಂತಿ ಎಂಬ ಅರ್ಥದ ‘ಪಾಕ್ಸ್’ನಿಂದ ಬಂದದ್ದು. ಇಂಗ್ಲಿಷಿನ ‘ಪೇ’ ಹುಟ್ಟಿದ್ದೂ ಇದೇ ಪದದಿಂದ, ಫ್ರೆಂಚ್ ದಾರಿ ಹಿಡಿದು.

ದುಡ್ಡಿಗೂ ಸಮಾಧಾನಕ್ಕೂ ಏನು ಸಂಬಂಧ ಅಂತೀರಾ? ನಮ್ಮಪ್ಪ ರಾಯಚೂರಿನ ಒಂದು ಹತ್ತಿ ಜಿನ್ನಿಂಗ್ ಮಿಲ್ಲಿನಲ್ಲಿ ಗುಮಾಸ್ತರಾಗಿದ್ದರು. ತಿಂಗಳ ಕೊನೆಯ ವಾರ ಕಿರಾಣಿ ಅಂಗಡಿಯ ಮುಂದೆ ಹಾಯಬೇಕಾದರೆ ಅವ್ವ ಸೆರಗು ತಲೆ ಮೇಲೆಳೆದುಕೊಂಡು ಬಿರಬಿರ ನಡೆಯುತ್ತಿದ್ದಳು. ಪಗಾರದ ದಿನ ಅಪ್ಪ ಮೊದಲು ಹೋಗುತ್ತಿದ್ದುದೇ ಆ ಅಂಗಡಿಗೆ. ಸಾಹುಕಾರರು ಉದ್ರಿ ಪುಸ್ತಕದಲ್ಲಿ ಗೆರೆ ಎಳೆದು, ನನ್ನ ಅಂಗೈಗೆ ಒಂದು ಬೆಲ್ಲದ ಚೂರು ಇಡುತ್ತಿದ್ದರು. ‘ಪಕಾರೆ’ ಅಂದರೆ ಅದೇ. ಸಾಲ ಕೊಟ್ಟವನ ಮನಸ್ಸು ತಣ್ಣಗಾಗುವುದು.

ಹಾಗೇ ನಮ್ಮ ‘ಚಾವಿ’ ಕೂಡ. ಲ್ಯಾಟಿನ್ನಿನ ‘ಕ್ಲಾವಿಸ್’ ಪೋರ್ಚುಗೀಸಿನಲ್ಲಿ ‘ಶಾವೆ’ ಆಯಿತು, ನಮ್ಮಲ್ಲಿ ಚಾವಿ ಆಯಿತು.

ಪ್ರಶ್ನೆ: ಗಂಗಾವತಿಯಿಂದ ಕೊಪ್ಪಳಕ್ಕೆ ದಿನಾ ಬಸ್ಸಿನಲ್ಲಿ ಓಡಾಡುತ್ತೇನೆ. ‘ಬಸ್’ ಎಂಬ ಪದಕ್ಕೆ ಮೂಲ ಅರ್ಥ ಏನು?
– ಬ್ಯಾಂಕ್ ನೌಕರ, ಗಂಗಾವತಿ

ನನಗೆ ತುಂಬಾ ಇಷ್ಟವಾದ ಪದ ಇದು. ಇದಕ್ಕೆ ಅರ್ಥವೇ ಇಲ್ಲ. ಇದು ಬರೀ ಒಂದು ಪ್ರತ್ಯಯ.

ಪೂರ್ತಿ ಪದ ‘ಆಮ್ನಿಬಸ್’. ಲ್ಯಾಟಿನ್ನಿನಲ್ಲಿ ‘ಎಲ್ಲರಿಗೆ’ ಎಂದರ್ಥ. 1826ರಲ್ಲಿ ಫ್ರಾನ್ಸಿನ ನಾಂತ್ ಊರಿನಲ್ಲಿ ಸ್ಟಾನಿಸ್ಲಾಸ್ ಬೋದ್ರಿ ಎಂಬಾತ ಕುದುರೆ ಗಾಡಿಗಳನ್ನು ಓಡಿಸಿದ. ಕಾಸು ಕೊಟ್ಟರೆ ಯಾರು ಬೇಕಾದರೂ ಹತ್ತಬಹುದಿತ್ತು. ಅದಕ್ಕೆ ಈ ಹೆಸರು ನಿಂತಿತು. 1829ರ ಜುಲೈ 4ರಂದು ಜಾರ್ಜ್ ಶಿಲಿಬಿಯರ್ ಇದನ್ನೇ ಲಂಡನ್ನಿನಲ್ಲಿ ಶುರು ಮಾಡಿದ. ಮೂರು ಕುದುರೆ, 22 ಸೀಟು. ಜನರಿಗೆ ಅಷ್ಟುದ್ದ ಹೆಸರು ಕೂಗಲು ಎಲ್ಲಿ ಪುರುಸೊತ್ತು? ತಲೆ ಕತ್ತರಿಸಿ ಬಾಲ ಉಳಿಸಿಕೊಂಡರು.

ಆ ಬಾಲ ಯಾವುದು? ಐದನೇ ಕ್ಲಾಸಿನಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯ ನೆನಪಿದೆಯಲ್ವಾ? ಉ, ಅನ್ನು, ಇಂದ, ಗೆ... ಆ ‘ಗೆ’ ಮಾಡುವ ಕೆಲಸವನ್ನೇ ಲ್ಯಾಟಿನ್ನಿನ ಬಹುವಚನದಲ್ಲಿ ‘ಬಸ್’ ಮಾಡುತ್ತದೆ. ‘ಎಲ್ಲರಿಗೆ’ಯಲ್ಲಿ ‘ಎಲ್ಲರಿ’ ಬಿದ್ದುಹೋಗಿ ‘ಗೆ’ ಮಾತ್ರ ಉಳಿದಂತೆ. ಕ್ಲಾಸಿನಲ್ಲಿ ಇದನ್ನು ಹೇಳುವಾಗ ‘ಸಿಂಧನೂರು ಗೆ ಬಂತು, ಹತ್ರಿ’ ಅನ್ನುತ್ತಿದ್ದೆ. ಹಿಂದಿನ ಬೆಂಚಿನ ಹುಡುಗರಿಗೂ ಚತುರ್ಥಿ ವಿಭಕ್ತಿ ಅವತ್ತೇ ತಲೆಗೆ ಹತ್ತುತ್ತಿತ್ತು.

ಇನ್ನೊಂದು ಮಾತು. ‘ಶ್ರೀ ಗುರುಭ್ಯೋ ನಮಃ’ ಅಂತೀವಲ್ಲ, ಅಲ್ಲಿನ ‘ಭ್ಯೋ’ ಅಂದರೂ ‘ಗಳಿಗೆ’ ಎಂದೇ. ಗುರುಗಳಿಗೆ ನಮಸ್ಕಾರ. ಸಂಸ್ಕೃತದ ‘ಭ್ಯಃ’ ಮತ್ತು ಲ್ಯಾಟಿನ್ನಿನ ‘ಬಸ್’ ಒಂದೇ ಹಳೆಯ ಬೇರಿನ ಟಿಸಿಲುಗಳು. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಒಂದೇ ಮೂಲದಿಂದ ಬಂದಿರಬೇಕು ಎಂದು ಭಾಷಾ ಪಂಡಿತ ವಿಲಿಯಂ ಜೋನ್ಸ್ 1786ರಲ್ಲಿ ಕಲ್ಕತ್ತಾದಲ್ಲಿ ಹೇಳಿದ್ದರು. ಗಾಡಿಯ ಇಗ್ನಿಷನ್ ಕೀ ತಿರುಗಿಸಿದಾಗಲೂ ಅದೇ ನಂಟು. ಲ್ಯಾಟಿನ್ನಿನ ‘ಇಗ್ನಿಸ್’ ನಮ್ಮ ಅಗ್ನಿಯ ದಾಯಾದಿ. ಕನ್ನಡ ಮಾತ್ರ ಬೇರೆ ಮನೆತನದ್ದು, ದ್ರಾವಿಡ. ಅಗ್ನಿಯನ್ನು ನಾವು ಸಂಸ್ಕೃತದಿಂದ ತಂದುಕೊಂಡೆವು. ನಮ್ಮದೇ ಮಾತು ‘ಬೆಂಕಿ’. ಇದನ್ನು ಕಲಸಿಕೊಳ್ಳಬೇಡಿ.

ಪ್ರಶ್ನೆ: ಚಿನ್ನಕ್ಕೆ ಇಂಗ್ಲಿಷಿನಲ್ಲಿ ಗೋಲ್ಡ್. ಹಾಗಿದ್ದರೆ ವಿಜ್ಞಾನದ ಪುಸ್ತಕದಲ್ಲಿ ಅದರ ಗುರುತು ‘ಎಯು’ ಯಾಕೆ?
– 9ನೇ ತರಗತಿ, ಹಟ್ಟಿ

ಚಿನ್ನದ ಗಣಿಯ ಊರಿಂದಲೇ ಕೇಳಿದ್ದೀಯ, ಖುಷಿಯಾಯಿತು ಮಗು. ಲ್ಯಾಟಿನ್ನಿನಲ್ಲಿ ಚಿನ್ನಕ್ಕೆ ‘ಔರಂ’. ಅದರ ಮೊದಲ ಎರಡು ಅಕ್ಷರ ಎಯು. ಸಂಡೂರಿನ ಅದಿರಿನಲ್ಲಿ ಸಿಗುವ ಕಬ್ಬಿಣಕ್ಕೆ ‘ಎಫ್ಇ’, ಅದು ‘ಫೆರ್ರಂ’ನಿಂದ. ಸೀಸ ‘ಪ್ಲುಂಬಂ’. ರೋಮಿನವರು ನೀರಿನ ಕೊಳವೆಗಳನ್ನು ಸೀಸದಲ್ಲಿ ಮಾಡುತ್ತಿದ್ದರು. ನಲ್ಲಿ ರಿಪೇರಿಗೆ ಬರುವವರನ್ನು ಪ್ಲಂಬರ್ ಅನ್ನೋದು ಅದಕ್ಕೇ.

ಪ್ರಶ್ನೆ: ಬಳ್ಳಾರಿಯಲ್ಲಿ ಹತ್ತು ವರ್ಷದಿಂದ ಜೀನ್ಸ್ ಹೊಲಿಯುತ್ತಿದ್ದೇನೆ. ಆ ಹೆಸರು ಎಲ್ಲಿಯದು?
– ಟೈಲರ್, ಬಳ್ಳಾರಿ

ಇಟಲಿಯ ಬಂದರು ಜಿನೋವಾ. ಲ್ಯಾಟಿನ್ನಿನಲ್ಲಿ ‘ಗೆನುವಾ’. ಫ್ರೆಂಚರು ಅದನ್ನು ‘ಜೆನ್’ ಅಂದರು. ಅಲ್ಲಿಂದ ಬರುತ್ತಿದ್ದ ಗಟ್ಟಿ ಬಟ್ಟೆಗೆ ಊರಿನ ಹೆಸರೇ ಅಂಟಿತು. ಇಳಕಲ್ ಸೀರೆ ಅನ್ನುತ್ತೇವಲ್ಲ, ಹಾಗೆ. ಅದರ ನೀಲಿಯ ಕಥೆ ಇನ್ನೂ ಚೆನ್ನಾಗಿದೆ. ‘ಇಂಡಿಗೊ’ ಬಂದಿರೋದು ಲ್ಯಾಟಿನ್ನಿನ ‘ಇಂಡಿಕಂ’ನಿಂದ. ಅಂದರೆ ಇಂಡಿಯಾದ್ದು. ಭಾರತದಿಂದ ಬರುವ ಈ ಬಣ್ಣದ ಬಗ್ಗೆಯೂ ಪ್ಲಿನಿ ಬರೆದಿದ್ದಾನೆ. ಈಗ ನಿಮ್ಮ ಕೈಗೆ ಅಂಟುವ ನೀಲಿ ಕಾರ್ಖಾನೆಯಲ್ಲಿ ತಯಾರಾದದ್ದು. ಹೆಸರು ಮಾತ್ರ ಹಳೆಯದೇ.

ಪ್ರಶ್ನೆ: ‘ಮಸಲ್’ ಅಂದರೆ ಇಲಿಯಂತೆ, ಹೌದೇ?
– ಜಿಮ್ ತರಬೇತುದಾರ, ರಾಯಚೂರು

ಹೌದು. ‘ಮುಸ್’ ಅಂದರೆ ಇಲಿ, ‘ಮುಸ್ಕುಲುಸ್’ ಅಂದರೆ ಇಲಿಮರಿ. ತೋಳು ಮಡಚಿ ನೋಡಿ, ಚರ್ಮದ ಕೆಳಗೆ ಏನೋ ಓಡಿದಂತೆ ಕಾಣುತ್ತದಲ್ವಾ? ಗಣಪತಿಯ ಮೂಷಿಕವೂ ಈ ‘ಮುಸ್’ಗೆ ನೆಂಟ. ನಮ್ಮವರಿಗೆ ಕಂಡದ್ದು ಇಲಿಯಲ್ಲ, ಮೀನು. ಮೊಣಕಾಲಿನ ಕೆಳಗೆ ಹಿಂಭಾಗದಲ್ಲಿರುವುದನ್ನು ‘ಮೀನಖಂಡ’ ಅನ್ನುತ್ತೇವೆ. ಗದ್ದೆ ನಾಟಿ ಮುಗಿಸಿ ಬಂದ ರಾತ್ರಿ ಅಜ್ಜಿ ‘ಮೀನಖಂಡ ಹಿಡಕೊಂಡೈತಿ, ಎಣ್ಣಿ ತಿಕ್ಕೋ’ ಅಂತ ನನ್ನನ್ನು ಕರೆಯುತ್ತಿದ್ದಳು. ನಿಮ್ಮೂರಲ್ಲಿ ಇದಕ್ಕೆ ಬೇರೆ ಹೆಸರಿದ್ದರೆ ಬರೆದು ಕಳಿಸಿ.