ಎರಡು ಓಟಗಳ ನಡುವೆ: ಬಿಸಿಯಾದ ಟೈರು, ಬಿಸಿಯಾದ ಇಂಜಿನ್

ಕೋನ್‌ಗಳ ನಡುವೆ ಒಬ್ಬೊಬ್ಬರಾಗಿ ಕಾರು ಓಡಿಸಿ ಸಮಯ ಅಳೆಯುವ ಆಟೋಕ್ರಾಸ್ ಸ್ಪರ್ಧೆಗಳು ಆರಂಭವಾದೊಡನೆ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಇಂಜಿನ್ ಕಾಯುವುದರ ಬಗ್ಗೆಯೇ ಇರುತ್ತವೆ. ಕೋನ್‌ಗಳ ನಡುವೆ ಒಂದು ನಿಮಿಷವೂ ಹಿಡಿಯದ ಓಟದಲ್ಲಿ ಸಮಯವನ್ನು ನುಂಗುವುದು ಇಂಜಿನ್ನಿಗಿಂತ ಹೆಚ್ಚಾಗಿ ಟೈರು ಎಂದು ಹಲವು ಬಾರಿ ಬರೆದಿದ್ದೇನೆ. ಹಾಗಾಗಿ ಈ ಸಲ ಟೈರಿನ ಪ್ರಶ್ನೆಗೇ ಹೆಚ್ಚು ಜಾಗ ಕೊಡುತ್ತೇನೆ.

ಪ್ರಶ್ನೆ: ನಾನೂ ನನ್ನ ತಮ್ಮನೂ ಒಂದೇ ಹ್ಯಾಚ್‌ಬ್ಯಾಕ್ ಕಾರನ್ನು ಸರದಿಯಂತೆ ಓಡಿಸುತ್ತೇವೆ. ಡಾಂಬರು ನೆಲ, ಒಂದು ಓಟಕ್ಕೆ ಸುಮಾರು 50 ಸೆಕೆಂಡು. ಮೂರನೆಯ ಓಟದ ಹೊತ್ತಿಗೆ ತಿರುವುಗಳಲ್ಲಿ ಕಾರಿನ ಮೂತಿ ಹೊರಕ್ಕೆ ಜಾರುತ್ತದೆ. ನಾಲ್ಕೂ ಟೈರಿಗೆ ಬಕೆಟ್ಟಿನಿಂದ ನೀರು ಸುರಿದು, ಒದ್ದೆ ಗೋಣಿಚೀಲ ಹೊದಿಸುತ್ತೇವೆ. ಪ್ರಯೋಜನ ಕಾಣುತ್ತಿಲ್ಲ. (ಮೈಸೂರಿನ ಓದುಗರು)

ಉತ್ತರ: ಮೊದಲು ಆ ಬಕೆಟ್ಟನ್ನು ಮನೆಯಲ್ಲೇ ಬಿಟ್ಟು ಬನ್ನಿ. ಟೈರನ್ನು ತಣಿಸುವುದು ನೀರಿನ ತಂಪಲ್ಲ, ನೀರು ಆವಿಯಾಗುವ ಕ್ರಿಯೆ. 100 ಮಿಲಿಲೀಟರ್ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯುವಾಗ ಹೀರಿಕೊಳ್ಳುವ ಶಾಖ ಸುಮಾರು 15 ಕಿಲೋಜೌಲ್ ಮಾತ್ರ. ಅಷ್ಟೇ ನೀರು ಟೈರಿನ ಮೈಮೇಲೆ ಪೂರ್ತಿ ಆವಿಯಾದರೆ ಕೊಂಡೊಯ್ಯುವುದು 220 ಕಿಲೋಜೌಲ್‌ಗೂ ಮಿಕ್ಕಿ. ನೀವು ಸುರಿದ ನೀರಿನ ಬಹುಪಾಲು ಬೆಚ್ಚಗಾಗುವ ಮುನ್ನವೇ ನೆಲಕ್ಕೆ ಹರಿದು, ಅಲ್ಲಿನ ದೂಳನ್ನು ಕೆಸರು ಮಾಡಿ, ಆ ಕೆಸರನ್ನೇ ನಿಮ್ಮ ಟೈರಿಗೆ ಮೆತ್ತುತ್ತದೆ. ಗೋಣಿಚೀಲದ ಕಥೆಯೂ ಇಷ್ಟೇ: ಅದು ಗಾಳಿಯಾಡುವುದನ್ನು ತಡೆಯುತ್ತದೆ, ಜೊತೆಗೆ ಮೆದುವಾದ ರಬ್ಬರಿಗೆ ನಾರು ಅಂಟಿಸುತ್ತದೆ.

ತೋಟಕ್ಕೆ ಔಷಧಿ ಹೊಡೆಯುವ ಕೈಪಂಪು ಸಾಕು, ಆದರೆ ಅದರಲ್ಲಿ ಹಿಂದೆಂದೂ ಔಷಧಿ ತುಂಬಿರಬಾರದು. ಹನಿ ಸಣ್ಣದಾಗುವಂತೆ ಮೂತಿಯನ್ನು ತಿರುಗಿಸಿ, ನೆಲ ಮುಟ್ಟುವ ಪಟ್ಟಿಯ ಮೇಲೆ, ಅದರಲ್ಲೂ ಹೊರ ಅಂಚಿನ ಮೇಲೆ, ತೆಳುವಾಗಿ ಸಿಂಪಡಿಸಿ ಒಣಗಲು ಬಿಡಿ. ಒಣಗಿದ ಮೇಲೆ ಮತ್ತೊಮ್ಮೆ ಸಿಂಪಡಿಸಿ. ನಿಂತ ಕಾರಿನಲ್ಲಿ ಟೈರಿನ ಒಂದು ಭಾಗ ನೆಲಕ್ಕೆ ಒತ್ತಿಕೊಂಡಿರುತ್ತದೆ, ಇನ್ನೊಂದು ಭಾಗ ಮಡ್‌ಗಾರ್ಡಿನೊಳಗೆ ಅಡಗಿರುತ್ತದೆ. ಆದ್ದರಿಂದ ನಡುವೆ ಕಾರನ್ನು ಅರ್ಧ ಸುತ್ತಿನಷ್ಟು ಮುಂದಕ್ಕೆ ತಳ್ಳದಿದ್ದರೆ ಟೈರು ಒಂದು ಕಡೆ ತಣ್ಣಗೆ, ಒಂದು ಕಡೆ ಬಿಸಿಯಾಗಿ ಉಳಿಯುತ್ತದೆ. ಕಾದ ಬ್ರೇಕ್ ಡಿಸ್ಕಿನ ಮೇಲೆ ನೀರು ಬೀಳಿಸಬೇಡಿ. ನಿಮ್ಮ ಸರದಿಗೆ ಒಂದು ನಿಮಿಷ ಇರುವಾಗಲೇ ಪಂಪನ್ನು ಕೆಳಗಿಡಿ. ಒದ್ದೆ ಟೈರಿನಲ್ಲಿ ಹೊರಟರೆ ಮೊದಲ ತಿರುವಿನಲ್ಲೇ ಕೋನ್ ಉರುಳುತ್ತದೆ. ಆರಂಭದ ಗೆರೆಯ ಬಳಿ ನೆಲ ಒದ್ದೆ ಮಾಡುವುದು ನಿಮ್ಮ ಹಿಂದೆ ಬರುವ ಸ್ಪರ್ಧಿಗೆ ಮಾಡುವ ಅನ್ಯಾಯ, ಅದನ್ನು ನಾನಂತೂ ಕ್ಷಮಿಸುವುದಿಲ್ಲ. ಮಂಗಳೂರಿನ ಸೆಕೆಯಲ್ಲಿ ನೀರು ಆರಲು ಮೈಸೂರಿಗಿಂತ ಹೆಚ್ಚು ಹೊತ್ತು ಬೇಕಾಗುವುದರಿಂದ ಅಲ್ಲಿ ಸಿಂಪಡಿಸುವ ಪ್ರಮಾಣವನ್ನು ಇನ್ನೂ ತಗ್ಗಿಸಬೇಕು.

ನಿಮ್ಮ ಎರಡನೆಯ ತಪ್ಪು ನಾಲ್ಕೂ ಟೈರಿಗೆ ನೀರು ಹಾಕಿದ್ದು. ನಿಮ್ಮಂಥ ಕಾರಿನಲ್ಲಿ ಎಳೆಯುವ, ತಿರುಗಿಸುವ ಕೆಲಸದ ಜೊತೆಗೆ ಬ್ರೇಕಿನ ಹೆಚ್ಚಿನ ಭಾರವೂ ಮುಂದಿನ ಎರಡು ಟೈರುಗಳ ಪಾಲಿಗೇ ಬೀಳುತ್ತದೆ. ಅವು ಮಿತಿಮೀರಿ ಕಾದಿರುವಾಗಲೂ ಹಿಂದಿನ ಟೈರುಗಳು ಇನ್ನೂ ಬೆಚ್ಚಗಾಗುತ್ತಿರುತ್ತವೆ. ರಬ್ಬರಿಗೆ ಒಂದು ಹಂತದವರೆಗೆ ಬಿಸಿ ಬೇಕು, ತಣ್ಣನೆಯ ಟೈರು ಕಚ್ಚುವುದಿಲ್ಲ. ಹಿಂದಿನವನ್ನೂ ತಣಿಸಿದರೆ ಮೂತಿ ಜಾರುವ ಕಾರು ಬಾಲ ಬೀಸುವ ಕಾರಾಗುತ್ತದೆ, ನೀವು ಬುಗುರಿಯಂತೆ ತಿರುಗುತ್ತೀರಿ. ಹೀಗಾಗಿ ಮುಂದಿನವಕ್ಕೆ ಮಾತ್ರ, ಅದೂ ಎರಡನೆಯ ಓಟದ ನಂತರ, ಅಂಗೈ ಐದು ಸೆಕೆಂಡು ಇಡಲಾಗದಷ್ಟು ಕಾದಿದ್ದರೆ ಮಾತ್ರ ನೀರು ಹಾಕಿ.

ಮೂರನೆಯದು ಗಾಳಿ, ಅದರ ಮಾತನ್ನೇ ನೀವು ಎತ್ತಿಲ್ಲ. ಟೈರಿನೊಳಗಿನ ಗಾಳಿ ಸುಮಾರು 6 ಡಿಗ್ರಿ ಕಾದರೆ ಒತ್ತಡ 1 ಪಿಎಸ್‌ಐ (ಗಾಳಿಯ ಒತ್ತಡ ಅಳೆಯುವ ಮಾನ) ಏರುತ್ತದೆ. ಬೆಳಿಗ್ಗೆ ಸರಿಯಾಗಿದ್ದ 34 ಮಧ್ಯಾಹ್ನಕ್ಕೆ 38 ಆದರೆ ಟೈರಿನ ನಡುಭಾಗ ಉಬ್ಬಿ, ನೆಲ ಮುಟ್ಟುವ ಪಟ್ಟಿ ಕಿರಿದಾಗುತ್ತದೆ. ನೀವು ಬಿಸಿಯ ತಲೆಗೆ ಕಟ್ಟುತ್ತಿರುವ ಜಾರುವಿಕೆಯಲ್ಲಿ ಇದರ ಪಾಲೂ ಇರಬಹುದು. ಪ್ರತಿ ಓಟದ ನಂತರ ಅಳೆದು, ಬರೆದಿಟ್ಟು, ಏರಿದ್ದಷ್ಟನ್ನೇ ಇಳಿಸಿ. ಟೈರಿನ ಹೊರ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದು ಓಡಿಸಿದರೆ ಅದು ಎಲ್ಲಿಯವರೆಗೆ ಅಳಿಸಿದೆ ಎಂಬುದರಿಂದ ಟೈರು ಎಷ್ಟು ಮಗುಚುತ್ತಿದೆ ಎಂದು ತಿಳಿಯುತ್ತದೆ. ಸಂಜೆ ಮನೆಗೆ ಹೊರಡುವ ಮುನ್ನ ಗಾಳಿಯನ್ನು ಮತ್ತೆ ತುಂಬಿಸಿಕೊಳ್ಳಿ. ಬಿಸಿಯಲ್ಲಿ ಇಳಿಸಿದ ಟೈರು ತಣಿದಾಗ ಅಪಾಯದ ಮಟ್ಟಕ್ಕೆ ಕುಸಿಯುತ್ತದೆ, ಹೆದ್ದಾರಿ ಆಟೋಕ್ರಾಸ್ ಮೈದಾನವಲ್ಲ.

ಇಷ್ಟರ ಮೇಲೂ ಜಾರಿದರೆ ನಿಮ್ಮಿಬ್ಬರಲ್ಲಿ ಒಬ್ಬರು ತಿರುವಿಗೆ ವಿಪರೀತ ವೇಗದಲ್ಲಿ ನುಗ್ಗಿ ಸ್ಟೀರಿಂಗನ್ನು ಬೇಕಾದ್ದಕ್ಕಿಂತ ಹೆಚ್ಚು ತಿರುಗಿಸುತ್ತಿದ್ದೀರಿ. ಅದಕ್ಕೆ ನನ್ನ ಬಳಿ ಪಂಪಿಲ್ಲ. ಯಾರು ಎಂಬುದನ್ನು ಅಣ್ಣತಮ್ಮಂದಿರೇ ತೀರ್ಮಾನಿಸಿಕೊಳ್ಳಿ.

ಪ್ರಶ್ನೆ: ಇಂಜಿನ್ ತಂಪಾಗಿರಲೆಂದು ನಮ್ಮ ಮೆಕ್ಯಾನಿಕ್ ಥರ್ಮೋಸ್ಟಾಟ್ ತೆಗೆದುಹಾಕಿದ್ದಾರೆ. ಇನ್ನು ಚಿಂತೆಯಿಲ್ಲವಲ್ಲವೇ?

ಉತ್ತರ: ಚಿಂತೆ ಈಗ ಶುರುವಾಗಿದೆ. ಥರ್ಮೋಸ್ಟಾಟ್ ಸಾಮಾನ್ಯವಾಗಿ 82ರಿಂದ 88 ಡಿಗ್ರಿಯ ಆಸುಪಾಸಿನಲ್ಲಿ ತೆರೆದುಕೊಂಡು ಕೂಲಂಟನ್ನು, ಅಂದರೆ ಇಂಜಿನ್ ತಣಿಸುವ ದ್ರವವನ್ನು, ರೇಡಿಯೇಟರಿಗೆ ಬಿಡುತ್ತದೆ. ಅದನ್ನು ಕಿತ್ತರೆ ಇಂಜಿನ್ ಬಿಸಿಯಾಗಲು ತಡವಾಗುತ್ತದೆ, ಇನ್ನೂ ತಣ್ಣಗಿದೆಯೆಂದು ತಿಳಿದ ಇಸಿಯು (ಇಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಅಗತ್ಯಕ್ಕಿಂತ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಆಯಿಲ್ ತೆಳುವಾಗುವ ಮುನ್ನವೇ ನೀವು ಆಕ್ಸಿಲರೇಟರ್ ಒತ್ತುತ್ತೀರಿ. ರೇಡಿಯೇಟರ್ ಕಟ್ಟಿಕೊಂಡಿದ್ದರೆ ಅಥವಾ ಫ್ಯಾನ್ ಕೆಟ್ಟಿದ್ದರೆ ಅದನ್ನು ಸರಿಪಡಿಸಬೇಕೇ ಹೊರತು ಕಾವಲುಗಾರನನ್ನು ಓಡಿಸಬಾರದು.

ಪ್ರಶ್ನೆ: ಓಟಗಳ ನಡುವೆ ಇಂಜಿನ್ ನಿಲ್ಲಿಸಬೇಕೇ?

ಉತ್ತರ: ಮೂರು ನಾಲ್ಕು ನಿಮಿಷದ ಬಿಡುವಾದರೆ ಬಾನೆಟ್ ತೆರೆದು, ಏಸಿ ಆರಿಸಿ, ಇಂಜಿನ್ ಐಡಲಿನಲ್ಲೇ, ಅಂದರೆ ಆಕ್ಸಿಲರೇಟರ್ ಒತ್ತದೆ ಓಡುತ್ತಾ, ಇರಲಿ. ಬೆಲ್ಟಿನಿಂದ ತಿರುಗುವ ಪಂಪುಳ್ಳ ಇಂಜಿನ್ನನ್ನು ನಿಲ್ಲಿಸಿದ ಕ್ಷಣವೇ ಕೂಲಂಟ್ ಹರಿಯುವುದೂ ನಿಂತು, ಸಿಲಿಂಡರ್ ಹೆಡ್ಡಿನ ಬಿಸಿ ಕೆಲವು ನಿಮಿಷ ಏರುತ್ತಲೇ ಹೋಗುತ್ತದೆ. ಇಪ್ಪತ್ತು ನಿಮಿಷದ ಬಿಡುವಾದರೆ ಒಂದು ನಿಮಿಷ ಐಡಲಿನಲ್ಲಿಟ್ಟು ನಿಲ್ಲಿಸಿ, ಟರ್ಬೋ ಇದ್ದವರಿಗೆ ಈ ಒಂದು ನಿಮಿಷ ಕಡ್ಡಾಯ. ಬಾನೆಟ್ ತೆರೆದೇ ಇರಲಿ, ಏಕೆಂದರೆ ಒಳಗೆಳೆಯುವ ಗಾಳಿ 3 ಡಿಗ್ರಿ ಕಾದರೆ ಅದರ ಸಾಂದ್ರತೆ ಶೇಕಡಾ 1ರಷ್ಟು ಕುಗ್ಗುತ್ತದೆ. ಇಂಜಿನ್ ಬಿಸಿ ತೋರಿಸುವ ಮುಳ್ಳು ಕೆಂಪಿನತ್ತ ಹೋದರೆ ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ, ಅದೂ ಒಂದು ಪುಟ್ಟ ರೇಡಿಯೇಟರೇ. ಆದರೆ ಬಿಸಿ ರೇಡಿಯೇಟರಿನ ಮುಚ್ಚಳವನ್ನು ಮಾತ್ರ ತೆರೆಯಬೇಡಿ. ಒತ್ತಡದಿಂದಾಗಿ 100 ಡಿಗ್ರಿ ಮೀರಿಯೂ ಕುದಿಯದೆ ನಿಂತಿದ್ದ ನೀರು ಮುಚ್ಚಳ ಸಡಿಲಿಸಿದ ಕೂಡಲೇ ಆವಿಯಾಗಿ ಚಿಮ್ಮುತ್ತದೆ. ನನ್ನ ಬಲ ಮುಂಗೈಯ ಮೇಲಿನ ಕಲೆಗೆ ಈಗ ಇಪ್ಪತ್ತು ವರ್ಷ.

ಪ್ರಶ್ನೆ: ನೈಟ್ರೋಜನ್ ತುಂಬಿಸಿದರೆ ಟೈರು ಕಾಯುವುದಿಲ್ಲವಂತೆ?

ಉತ್ತರ: ಪಂಚರ್ ಅಂಗಡಿಯಲ್ಲಿ ಸಿಗುವ ಮಾಮೂಲಿ ಗಾಳಿಯಲ್ಲೇ ಶೇಕಡಾ 78ರಷ್ಟು ನೈಟ್ರೋಜನ್ ಇದೆ.

ಪ್ರಶ್ನೆ: ಮಂಜುಗಡ್ಡೆಯನ್ನು ನೇರವಾಗಿ ಇಂಜಿನ್ ಮೇಲೆ ಇಡಬಹುದೇ?

ಉತ್ತರ: ಬೇಡ. ಅದನ್ನು ಕುಡಿಯುವ ನೀರಿಗೆ ಹಾಕಿಕೊಳ್ಳಿ.

ಪ್ರಶ್ನೆ: ಓಟ ಮುಗಿಸಿ ಬಂದು ನಿಲ್ಲಿಸಿದಾಗ ಹ್ಯಾಂಡ್‌ಬ್ರೇಕ್ ಎಳೆಯಬೇಕೇ?

ಉತ್ತರ: ಕಾದ ಬ್ರೇಕನ್ನು ಒತ್ತಿ ಹಿಡಿಯಬೇಡಿ. ಇಂಜಿನ್ ನಿಲ್ಲಿಸಿದ್ದರೆ ಗೇರಿನಲ್ಲಿಡಿ, ಐಡಲಿನಲ್ಲಿದ್ದರೆ ನ್ಯೂಟ್ರಲ್‌ನಲ್ಲಿಟ್ಟು ಒಬ್ಬರು ಸೀಟಿನಲ್ಲೇ ಇರಿ. ಎರಡೂ ಸಂದರ್ಭದಲ್ಲಿ ಚಕ್ರಕ್ಕೆ ಹಿಂದೆಯೂ ಮುಂದೆಯೂ ಮರದ ಕಟ್ಟೆ ಕೊಡಿ. ಕಾರನ್ನು ಅರ್ಧ ಸುತ್ತು ತಳ್ಳುವಾಗ ಆ ಕಟ್ಟೆಯನ್ನು ಮೊದಲು ತೆಗೆಯಿರಿ.