ಮನೆಯ ಸೈಕಲ್ ರಿಪೇರಿಗೆ ಯಾವ ಸ್ಟ್ಯಾಂಡ್?

ನಮಸ್ಕಾರ. ಫ್ಲ್ಯಾಟಿನ ಬಾಲ್ಕನಿಯಲ್ಲಿ ಕಾರ್ಬನ್ ರೋಡ್ ಬೈಕನ್ನು (ಕಾರ್ಬನ್ ಫೈಬರ್ ಫ್ರೇಮಿನ ರಸ್ತೆ ಸೈಕಲ್ಲನ್ನು) ನೋಡಿಕೊಳ್ಳಲು ಹಿಂಚಕ್ರವನ್ನಷ್ಟೇ ಎತ್ತಿ ಹಿಡಿಯುವ ಅಗ್ಗದ ಸ್ಟ್ಯಾಂಡ್ ಸಾಕೇ, ಸೈಕಲ್ಲನ್ನು ಕಚ್ಚಿ ಹಿಡಿದು ಮೇಲೆತ್ತಿ ನಿಲ್ಲಿಸುವ ಹಿಡಿಕೆ, ಅಂದರೆ ಕ್ಲ್ಯಾಂಪ್, ಇರುವುದೇ ಬೇಕೇ ಎಂದು ಕೇಳಿದ್ದೀರಿ. ಚೈನ್ ತೊಳೆದು ಎಣ್ಣೆ ಹಾಕಲು, ಗೇರ್ ಹೊಂದಿಸಲು ಮೊದಲನೆಯದು ಧಾರಾಳವಾಗಿ ಸಾಕು. ಆದರೆ ಹಿಂಚಕ್ರ ಬಿಚ್ಚುವ ಕೆಲಸಕ್ಕೆ ಅದು ಒದಗುವುದಿಲ್ಲ, ಬಗ್ಗಿಯೇ ದುಡಿಯಬೇಕಾದ್ದರಿಂದ ಸೊಂಟಕ್ಕೂ ಶ್ರಮ.

ಕ್ಲ್ಯಾಂಪ್ ಸ್ಟ್ಯಾಂಡ್ ಕೊಂಡರೆ ಒಂದು ಎಚ್ಚರಿಕೆಯನ್ನು ದಯವಿಟ್ಟು ಪಾಲಿಸಿ: ಅದರ ಹಿಡಿಕೆಯನ್ನು ಫ್ರೇಮಿನ ಕೊಳವೆಗೆ ಎಂದಿಗೂ ಬಿಗಿಯಬೇಡಿ, ಏಕೆಂದರೆ ಸವಾರಿಯ ಭಾರವನ್ನು ಸಲೀಸಾಗಿ ತಡೆಯುವ ತೆಳುವಾದ ಕಾರ್ಬನ್ ಕೊಳವೆ ಪಕ್ಕದಿಂದ ಹಿಂಡಿದರೆ ಬಿರುಕು ಬಿಡಬಹುದು, ಆ ಬಿರುಕು ಹೊರಗಿನ ಬಣ್ಣದ ಮೇಲೆ ಕಾಣದೆಯೂ ಇರಬಹುದು. ಸೀಟ್ ಪೋಸ್ಟಿನ (ಸೀಟನ್ನು ಹೊತ್ತ ಕಂಬದ) ಈಗಿನ ಎತ್ತರಕ್ಕೆ ಟೇಪ್ ಸುತ್ತಿ ಗುರುತಿಟ್ಟು, ಅದರ ಮೇಲೆ ಅಚ್ಚಾಗಿರುವ ಮಿತಿಯ ಗೆರೆ ಹೊರಗೆ ಬಾರದಷ್ಟು ಮೇಲಕ್ಕೆಳೆದು, ಪೋಸ್ಟಿನ ಮೇಲಿನ ಹಾಗೂ ಹಿಡಿಕೆಯ ರಬ್ಬರಿನ ಮೇಲಿನ ಮಣ್ಣು, ಜಿಡ್ಡನ್ನು ಒರೆಸಿ, ಅಲ್ಲಿ ಹದವಾಗಿ ಹಿಡಿಸಿ.

ಸೀಟ್ ಪೋಸ್ಟ್ ದುಂಡಗಿರದೆ ಚಪ್ಪಟೆಯಾಗಿದ್ದರೆ, ಒಂದು ಚಕ್ರ ಬಿಚ್ಚಿ ಫೋರ್ಕನ್ನೋ (ಮುಂಚಕ್ರವನ್ನು ಹಿಡಿಯುವ ಕವಲನ್ನೋ) ಹಿಂದಿನ ಆಕ್ಸಲ್ (ಚಕ್ರದ ಅಚ್ಚು) ಕೂರುವ ಜಾಗವನ್ನೋ ಬಿಗಿದು, ಬಾಟಂ ಬ್ರಾಕೆಟ್ಟಿಗೆ (ಪೆಡಲಿನ ಅಚ್ಚು ಕೂರುವ ಭಾಗಕ್ಕೆ) ಆಸರೆ ಕೊಡುವ ಸ್ಟ್ಯಾಂಡೇ ಸರಿ. ಬೆಲೆ ಹೆಚ್ಚಾದರೂ ಕಾರ್ಬನ್ ಸೈಕಲ್ಲಿಗೆ ನನ್ನ ಮೊದಲ ಆಯ್ಕೆ ಅದೇ. ಬಾಲ್ಕನಿಯ ನೆಲ ಸಾಮಾನ್ಯವಾಗಿ ನೀರು ಹರಿಯಲೆಂದು ಇಳಿಜಾರಾಗಿರುವುದರಿಂದ, ಅಲುಗಾಡದೆ ಕೂರುವ ಮೂರು ಕಾಲಿನದನ್ನೇ ಆರಿಸಿಕೊಳ್ಳಿ.